ಸ್ಟಾರ್ ಶೇಪ್ ಟರ್ಮಿನಲ್ಲಾ, ಸಾಲು ಕಾನ್‌ಕೋರ್ಸಾ?

ಏರ್‌ಪೋರ್ಟ್ ಟರ್ಮಿನಲ್ ಪ್ಲಾನ್ ಮಾಡೋರು ಮೊದಲು ನೋಡ್ಬೇಕಾಗಿರೋದು ಪ್ಯಾಸೆಂಜರ್ ಎಷ್ಟು ನಡೀಬೇಕು ಅನ್ನೋದು, ಶಾಪಿಂಗು ಗೀಪಿಂಗು ಆಮೇಲೆ. 2019ರಲ್ಲಿ ಓಪನ್ ಆದ ಬೀಜಿಂಗ್ ಡಾಶಿಂಗ್ ಏರ್‌ಪೋರ್ಟ್ ನೋಡಿ, ಮಧ್ಯ ಒಂದೇ ದೊಡ್ಡ ಹಾಲು, ಅಲ್ಲಿಂದ ನಕ್ಷತ್ರದ ಥರ ಐದು ಕೈ ಚಾಚ್ಕೊಂಡಿವೆ, ಸೆಕ್ಯುರಿಟಿ ಮುಗಿಸಿದ್ಮೇಲೆ ಅತೀ ದೂರದ ಗೇಟಿಗೂ ಸುಮಾರು 600 ಮೀಟರ್ ಅಷ್ಟೇ, ಟ್ರೈನೇ ಬೇಡ. ಅಮೆರಿಕದ ಅಟ್ಲಾಂಟಾ ಏರ್‌ಪೋರ್ಟಿಂದು ಉಲ್ಟಾ, ಕಾನ್‌ಕೋರ್ಸ್‌ಗಳು (ಗೇಟ್‌ಗಳಿರೋ ಉದ್ದನೆ ಕಟ್ಟಡಗಳು) ಸಾಲಾಗಿ, ನೆಲದಡಿ ಟ್ರೈನು. ವಿಮಾನ ಓಡಾಡೋಕೆ ಜಾಗ ಚೆನ್ನಾಗಿ ಸಿಗುತ್ತೆ, ಮುಂದೆ ಇನ್ನೊಂದು ಸಾಲು ಸೇರಿಸೋದೂ ಸುಲಭ, ಆದ್ರೆ ಬ್ಯಾಗ್ ಹಿಡ್ಕೊಂಡು ಎಸ್ಕಲೇಟರ್ ಇಳಿದು, ಟ್ರೈನಲ್ಲಿ ಕಂಬಿ ಹಿಡ್ಕೊಂಡು ನಿಂತು, ಮತ್ತೆ ಎಸ್ಕಲೇಟರ್ ಹತ್ತೋ ವಯಸ್ಸಾದೋರನ್ನ ಕೇಳಿ ನೋಡಿ! ಕನೆಕ್ಟಿಂಗ್ ಫ್ಲೈಟ್‌ಗಳೇ ಜಾಸ್ತಿ ಅಂದ್ರೆ ಸಾಲು ಓಕೆ. ಅಲ್ಲಿಂದ್ಲೇ ಹೊರಡೋ ಜನ ಜಾಸ್ತಿ ಇದ್ರೆ ನನ್ನ ವೋಟು ಸ್ಟಾರಿಗೆ, ಮಧ್ಯದ ಹಾಲ್ ಜಾಮ್ ಆದ್ರೆ ಮಾತ್ರ ಐದೂ ಕೈಗೆ ಬಿಸಿ ತಟ್ಟುತ್ತೆ.