ಕಾಫಿ ಕೊಯ್ಲಿನ ಲೆಕ್ಕದ ಆ್ಯಪ್‌ಗೆ ಯಾವ ಡೇಟಾಬೇಸ್: ಫೈರ್‌ಸ್ಟೋರ್, ಸುಪಾಬೇಸ್, ಪಾಕೆಟ್‌ಬೇಸ್
ನಾಪೋಕ್ಲು, ಸೋಮವಾರಪೇಟೆ ಕಡೆಯ ತೋಟಗಳಿಗೆ ಆ್ಯಪ್ ಬರೆಯುವವರು ಮೊದಲು ನೋಡಬೇಕಾದ್ದು ಸಿಗ್ನಲ್. ಅದಿಲ್ಲದಾಗಲೂ ಹಣ್ಣಿನ ತೂಕ ದಾಖಲಾಗಬೇಕು. ಇಲ್ಲಿ ಗೂಗಲ್‌ನ ಫೈರ್‌ಸ್ಟೋರ್ ಮುಂದು: ಆಂಡ್ರಾಯ್ಡ್‌ನಲ್ಲಿ ಆಫ್‌ಲೈನ್ ಸಂಗ್ರಹ ತಾನಾಗಿಯೇ ಇರುತ್ತದೆ. ಆದರೆ ತೂಕ ಉಳಿಸುವಾಗ ಆ್ಯಪ್ ಸರ್ವರ್ ಉತ್ತರಕ್ಕೆ ಕಾಯುವಂತೆ ಬರೆಯಬೇಡಿ, ಸಿಗ್ನಲ್ ಇಲ್ಲದಾಗ ಪರದೆ ನಿಂತುಬಿಡುತ್ತದೆ. ಉಳಿದೆರಡರಲ್ಲಿ, ಅಂದರೆ ಸುಪಾಬೇಸ್, ಪಾಕೆಟ್‌ಬೇಸ್‌ನಲ್ಲಿ, ಫೋನಿನೊಳಗಿನ ಸಣ್ಣ ಡೇಟಾಬೇಸ್ ಎಸ್‌ಕ್ಯೂಲೈಟ್‌ಗೆ ಬರೆದು ಆಮೇಲೆ ಕಳಿಸುವ ಕೋಡ್ ನಿಮ್ಮದೇ.

ಖರ್ಚಿನಲ್ಲಿ ಚಿತ್ರ ಬೇರೆ. ಫೈರ್‌ಸ್ಟೋರ್‌ನಲ್ಲಿ ದಿನಕ್ಕೆ 50,000 ಓದು (ಒಂದು ದಾಖಲೆ ತಂದರೆ ಒಂದು ಓದು) ಉಚಿತ. 500 ದಾಖಲೆಗಳ ಪಟ್ಟಿಯನ್ನು ಸರ್ವರ್‌ನಿಂದ 100 ಸಲ ತಂದರೆ ಅಷ್ಟೂ ಮುಗಿಯಿತು. ಸುಪಾಬೇಸ್‌ನ ಉಚಿತ ಪ್ರಾಜೆಕ್ಟ್ ಒಂದು ವಾರ ಬಳಕೆಯಿಲ್ಲದಿದ್ದರೆ ನಿಲ್ಲುತ್ತದೆ. ಕೊಯ್ಲು ಮುಗಿದ ಮೇಲೆ ತಿಂಗಳುಗಟ್ಟಲೆ ಯಾರೂ ತೆರೆಯದ ಆ್ಯಪ್‌ಗೆ ಇದು ನಿಜವಾದ ತೊಡಕು.

ಬಿಟ್ಟುಹೋಗುವ ಸ್ವಾತಂತ್ರ್ಯ ನನಗೆ ಎಲ್ಲಕ್ಕಿಂತ ಮುಖ್ಯ. ಸುಪಾಬೇಸ್ ಒಳಗಿರುವುದು ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸ್; ಅದರ ಪ್ರತಿ ತೆಗೆಯುವ ಸಾಧನ ಪಿಜಿ-ಡಂಪ್‌ನಿಂದ ಡೇಟಾ ತೆಗೆದು ಬೇರೆ ಸರ್ವರ್‌ಗೆ ಹಾಕಬಹುದು. ಪಾಕೆಟ್‌ಬೇಸ್ ಒಂದೇ ಫೈಲಿನ ಪ್ರೋಗ್ರಾಂ, ಡೇಟಾ ಒಂದು ಫೋಲ್ಡರ್. ಫೈರ್‌ಸ್ಟೋರ್ ಬಿಟ್ಟರೆ ಕ್ವೆರಿ (ಡೇಟಾ ಹುಡುಕುವ ಆದೇಶ), ಭದ್ರತಾ ನಿಯಮ ಎಲ್ಲವನ್ನೂ ಮತ್ತೆ ಬರೆಯಬೇಕು.

ಒಂದೇ ತೋಟ, ಸಣ್ಣ ಬಾಡಿಗೆ ಸರ್ವರ್ ಇದ್ದರೆ ಪಾಕೆಟ್‌ಬೇಸ್ ಸಾಕು. ಬ್ಯಾಕಪ್ ನಿಮ್ಮ ಹೊಣೆ. ಹಲವು ತೋಟಗಳ ಕೂಲಿ ವರದಿ ಬೇಕೆಂದರೆ ಸುಪಾಬೇಸ್. ಸಿಗ್ನಲ್ ಅಪರೂಪ, ಸಮಯವೂ ಕಡಿಮೆ ಎಂದರೆ ಫೈರ್‌ಸ್ಟೋರ್. ಆದರೆ ಪ್ರತಿ ವಾರ ಸಿಎಸ್‌ವಿ (ಎಕ್ಸೆಲ್‌ನಲ್ಲೂ ತೆರೆಯುವ ಸರಳ ಪಟ್ಟಿ ಫೈಲು) ಪ್ರತಿ ತೆಗೆದಿಡುವ ಸ್ಕ್ರಿಪ್ಟ್ ಮೊದಲ ದಿನವೇ ಬರೆಯಿರಿ.