ಕಡಲಿಗೆ ಬಿದ್ದ ಒಂದು ಹನಿ ದ್ರಾಕ್ಷಾರಸ: ಸ್ಟೋಯಿಕರು ಮತ್ತು ಆದಿ ಕ್ರೈಸ್ತರ ಬಗ್ಗೆ ಒಂದು ಆನ್‌ಲೈನ್ ಕೋರ್ಸ್

ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಒಂದು ದಿನ ಒಬ್ಬ ಹುಡುಗಿ ಕೇಳಿದಳು, "ಮಿಸ್, ಆತ್ಮ ಎಷ್ಟು ದೊಡ್ಡದಿರುತ್ತೆ?" ಅದಕ್ಕೆಲ್ಲ ಅಳತೆ ಇಲ್ಲ ಮರಿ ಅಂದುಬಿಟ್ಟೆ. ಆಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಕೋರ್ಸಿಗೆ ಸೇರಿದ್ದು ಅದಕ್ಕೇ. ಒಟ್ಟು 12 ಪಾಠ. ಜಗತ್ತು ಯಾವುದರಿಂದ ಆಗಿದೆ ಅನ್ನುವ ಬಗ್ಗೆ ಪ್ರಾಚೀನ ಗ್ರೀಸಿನ ತತ್ವಜ್ಞಾನಿಗಳಾದ ಸ್ಟೋಯಿಕರು ಏನು ಹೇಳಿದರು, ಮೊದಲ ಶತಮಾನಗಳ ಕ್ರೈಸ್ತರು ಅದರಲ್ಲಿ ಏನು ತೆಗೆದುಕೊಂಡರು, ಏನು ಬಿಟ್ಟರು ಅನ್ನುವುದೇ ವಿಷಯ.

ಮೊದಲ ಎರಡು ಪಾಠ ನಿಧಾನ. ಸೈಪ್ರಸ್‌ನಿಂದ ಬಂದ ಝೀನೋ ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸ್‌ನ 'ಸ್ಟೋವಾ' ಎಂಬ ಕಂಬದ ಜಗಲಿಯಲ್ಲಿ ಪಾಠ ಹೇಳಿದ, ಹೆಸರು ಅಲ್ಲಿಂದ ಬಂತು, ಇಷ್ಟೇ. ಮೂರನೆಯದಕ್ಕೆ ಬಂದಾಗ ನೆಟ್ಟಗೆ ಕೂತೆ. ಸ್ಟೋಯಿಕರ ಪ್ರಕಾರ ಏನನ್ನಾದರೂ ಮಾಡಬಲ್ಲದ್ದು, ಅಥವಾ ಯಾವುದರ ಮೇಲೆ ಏನಾದರೂ ಮಾಡಬಹುದೋ ಅದು, ಎರಡೂ ದೇಹವೇ. ಹಾಗಾಗಿ ದೇವರೂ ದೇಹ, ಆತ್ಮವೂ ದೇಹ. ಬೆಂಕಿ, ಗಾಳಿ ಸೇರಿದ 'ನ್ಯೂಮಾ' ಎಂಬ ಉಸಿರು ಕಲ್ಲಿನಿಂದ ಮನುಷ್ಯನವರೆಗೆ ಎಲ್ಲದರಲ್ಲೂ ಹರಡಿ, ಎಲ್ಲವನ್ನೂ ಬಿಗಿಯಾಗಿ ಹಿಡಿದಿದೆ. ಆದರೆ ಎರಡು ವಸ್ತು ಒಂದೇ ಜಾಗದಲ್ಲಿ ಇರೋದು ಹೇಗೆ? ಝೀನೋನ ನಂತರ ಬಂದ ಸ್ಟೋಯಿಕ ಗುರು ಕ್ರಿಸಿಪ್ಪಸ್ ಹೇಳುತ್ತಾನೆ: ಒಂದೇ ಒಂದು ಹನಿ ದ್ರಾಕ್ಷಾರಸ ಕಡಲಿಗೆ ಬಿದ್ದರೂ ಇಡೀ ಕಡಲಲ್ಲಿ ಬೆರೆಯುತ್ತದೆ. ಕಾದು ಕೆಂಪಾದ ಕಬ್ಬಿಣದ ಒಳಗೆಲ್ಲ ಬೆಂಕಿ ಇರುವ ಹಾಗೆ. ಪಾಠ ಮಾಡುವವರು ಈ ಹನಿಗೇ 20 ನಿಮಿಷ ಕೊಟ್ಟಿದ್ದಾರೆ. ಅದು ಜಾಸ್ತಿ ಅಂತ ನನಗೆ ಅನ್ನಿಸಲಿಲ್ಲ.

ಯಾಕೆಂದರೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಪವಿತ್ರಾತ್ಮನಿಗೆ ಇರುವುದೂ ಇದೇ 'ನ್ಯೂಮಾ' ಪದ. 'ಆತ್ಮ' ಅಂತ ಓದಿದ ಕೂಡಲೇ ಮುಟ್ಟಲಾಗದ್ದು, ಅಳತೆಗೆ ಸಿಗದ್ದು ಅಂದುಕೊಳ್ಳುತ್ತೇವೆ, ಅಲ್ವಾ? ಆಗಿನ ಗ್ರೀಕ್ ಓದುಗರಿಗೆ ಅದರಲ್ಲಿ ಗಾಳಿ, ಉಸಿರು ಎರಡೂ ಕೇಳುತ್ತಿತ್ತು. 2ನೇ ಶತಮಾನದಲ್ಲಿ ಅಂತಿಯೋಕ್ಯದ ಬಿಷಪ್ ಆಗಿದ್ದ ಥಿಯೋಫಿಲಸ್ ದಾಳಿಂಬೆಯ ಹೋಲಿಕೆ ಕೊಡುತ್ತಾನೆ. ಸಿಪ್ಪೆ ಕಾಳುಗಳನ್ನೆಲ್ಲ ಹಿಡಿದುಕೊಂಡಿರುವ ಹಾಗೆ ದೇವರ ಆತ್ಮ ಇಡೀ ಸೃಷ್ಟಿಯನ್ನು ಹಿಡಿದುಕೊಂಡಿದೆ. ಒಳಗಿರುವ ಕಾಳಿಗೆ ಸಿಪ್ಪೆಯ ಆಚೆ ಇರುವುದು ಕಾಣುವುದಿಲ್ಲ. ಈ ಭಾಗವನ್ನು ಮೂರು ಸಲ ಕೇಳಿದೆ.

ಏಳನೆಯ ಪಾಠ ಉತ್ತರ ಆಫ್ರಿಕದ ಕಾರ್ತೇಜಿನ ಕ್ರೈಸ್ತ ಬರಹಗಾರ ಟರ್ಟುಲಿಯನ್ ಬಗ್ಗೆ. ಕೋರ್ಸಿನ ಜೀವ ಇಲ್ಲಿದೆ. "ಅಥೆನ್ಸಿಗೂ ಯೆರೂಸಲೇಮಿಗೂ ಏನು ಸಂಬಂಧ?" ಎಂದು, ಅಂದರೆ ಗ್ರೀಕ್ ತತ್ವಜ್ಞಾನಕ್ಕೂ ಕ್ರೈಸ್ತ ನಂಬಿಕೆಗೂ ಏನು ಸಂಬಂಧ ಎಂದು, ಗದರಿದವನು ಇವನೇ. ಆತ್ಮದ ಬಗ್ಗೆ ಬರೆಯುವಾಗ ಮಾತ್ರ ಝೀನೋ, ಕ್ಲಿಯಾಂಥಿಸ್, ಕ್ರಿಸಿಪ್ಪಸ್ ಎಂಬ ಮೂವರು ಸ್ಟೋಯಿಕ ಗುರುಗಳನ್ನೂ ಹೆಸರು ಹಿಡಿದು ಸಾಕ್ಷಿಗೆ ಕರೆಯುತ್ತಾನೆ. ಮೈಗೆ ಗಾಯವಾದರೆ ಆತ್ಮಕ್ಕೆ ನೋವು, ಆತ್ಮಕ್ಕೆ ನಾಚಿಕೆಯಾದರೆ ಮುಖ ಕೆಂಪು. ಒಂದನ್ನೊಂದು ಮುಟ್ಟದೆ ಇದು ಆಗುತ್ತದೆಯೇ? ದೇಹವನ್ನು ಮುಟ್ಟುವುದು ದೇಹವೇ. ಅದಕ್ಕೇ ಅವನ ಲೆಕ್ಕದಲ್ಲಿ ಆತ್ಮಕ್ಕೆ ಉದ್ದ, ಅಗಲ, ಎತ್ತರ ಎಲ್ಲ ಇದೆ. ವೀಡಿಯೋ ನಿಲ್ಲಿಸಿ ಸುಮ್ನೆ ಕೂತೆ. ನಾನು ಒಂದೇ ಮಾತಲ್ಲಿ ತಳ್ಳಿಹಾಕಿದ ಪ್ರಶ್ನೆಗೆ ಸಭೆಯ ಒಬ್ಬ ದೊಡ್ಡ ಬರಹಗಾರ ಒಂದು ಪುಸ್ತಕವನ್ನೇ ಬರೆದಿದ್ದಾನೆ. ಮುಂದಿನ ಭಾನುವಾರ ಆ ಹುಡುಗಿಗೆ ನಾಚಿಕೆಯ ಮಾತು ಹೇಳಿದೆ. ಅವಳು ಎರಡೂ ಕೆನ್ನೆ ಮುಟ್ಟಿ ನೋಡಿಕೊಂಡಳು.

ಕೊರತೆಗಳನ್ನೂ ಹೇಳಬೇಕು. ಯೋಹಾನನ ಸುವಾರ್ತೆಯ 'ವಾಕ್ಯ' (ಗ್ರೀಕ್‌ನಲ್ಲಿ 'ಲೋಗೋಸ್') ನೇರ ಸ್ಟೋಯಿಕರಿಂದ ಬಂತು ಅನ್ನುವ ಹಾಗೆ ಮಾತು ಮುಗಿಸುತ್ತಾರೆ. ಆದಿಕಾಂಡದಲ್ಲಿ ದೇವರು ಮಾತಾಡಿಯೇ ಸೃಷ್ಟಿ ಮಾಡುವುದು, ಅಲೆಕ್ಸಾಂಡ್ರಿಯದ ಯೆಹೂದಿ ಫಿಲೋ 'ಲೋಗೋಸ್' ಬಗ್ಗೆ ಬರೆದದ್ದು, ಎರಡೂ ಇಲ್ಲ. ಇದು ನನಗೆ ಒಪ್ಪಿಗೆಯಾಗಲಿಲ್ಲ. ಸ್ಟೋಯಿಕರೂ ಕ್ರೈಸ್ತರೂ ಬೇರ್ಪಟ್ಟ ಕಡೆಗಳನ್ನಂತೂ ಓಡಿಸಿಬಿಟ್ಟಿದ್ದಾರೆ. ಜಗತ್ತು ಬೆಂಕಿಯಲ್ಲಿ ಕರಗಿ ಮತ್ತೆ ಹಾಗೆಯೇ ಹುಟ್ಟುತ್ತದೆ, ಅದೇ ಸಾಕ್ರಟೀಸ್, ಅದೇ ವಿಚಾರಣೆ ಅನ್ನುವುದು ಸ್ಟೋಯಿಕರ ಮಾತು. ಹಾಗಾದರೆ ಮನುಷ್ಯ ತಾನಾಗಿ ಆರಿಸಿಕೊಳ್ಳುವುದು ಏನು ಉಳಿಯಿತು ಎಂದು 3ನೇ ಶತಮಾನದ ಕ್ರೈಸ್ತ ಚಿಂತಕ ಓರಿಜೆನ್ ಕೇಳುತ್ತಾನೆ. ದೇವರಿಗೆ ದೇಹ ಇದೆ ಅನ್ನುವುದನ್ನೂ ಅವನು ಒಪ್ಪಲಿಲ್ಲ. ಇವನಿಗೆ 10 ನಿಮಿಷ ಸಾಲದು. ದಾಳಿಂಬೆಯ ಥಿಯೋಫಿಲಸ್ ಕೂಡ, ದೇವರು ಎಲ್ಲವನ್ನೂ ಏನೂ ಇಲ್ಲದ್ದರಿಂದ ಮಾಡಿದ ಎಂದು ಗಟ್ಟಿಯಾಗಿ ಹೇಳಿದವನು. ಸ್ಟೋಯಿಕರಿಗೆ ಮೂಲವಸ್ತು ಯಾವಾಗಲೂ ಇತ್ತು. ಎಷ್ಟು ದೊಡ್ಡ ಬಿರುಕು ಇದು! ಇದಕ್ಕೇ ಒಂದು ಪೂರ್ತಿ ಪಾಠ ಬೇಕಿತ್ತು.

ಸಬ್‌ಟೈಟಲ್‌ನಲ್ಲಿ ಗ್ರೀಕ್ ಹೆಸರುಗಳು ತಪ್ಪುತಪ್ಪಾಗಿವೆ. ಬರೆದು ತಿಳಿಸಿದೆ, ಸರಿ ಮಾಡುತ್ತೇವೆ ಎಂಬ ಉತ್ತರ ಬಂತು, ಇನ್ನೂ ಹಾಗೇ ಇದೆ. ಹೆಸರು ಬಂದಾಗೆಲ್ಲ ಬರೆದುಕೊಳ್ಳಿ. ನೀವು ಸೇರುವುದಾದರೆ ನೇರ ಮೂರನೆಯ ಪಾಠದಿಂದ ಶುರು ಮಾಡಿ, ಮೊದಲ ಎರಡನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಏಳನೆಯದಕ್ಕೆ ಮಾತ್ರ ಒಂದು ಸಂಜೆ ಪೂರ್ತಿ ಇಟ್ಟುಕೊಳ್ಳಿ.