ಧರ್ಮಗಳ ಪರಿಚಯದ ಪಾಠಕ್ಕೆ ಮುಂಬಯಿಯ ಕಾಲಾ ಘೋಡಾದ ಮ್ಯೂಸಿಯಂ ಎಷ್ಟು ಒದಗುತ್ತದೆ?

ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಎಂದರೆ ಮುಂಬಯಿಯ ಹಳೇ ಕನ್ನಡಿಗರಿಗೆ ತಟ್ಟನೆ ಹೊಳೆಯದು, ‘ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ’ ಅನ್ನಬೇಕು. 1922ರಿಂದ ಜನರಿಗೆ ತೆರೆದಿರುವ ಇಲ್ಲಿಗೆ ಶಾಲೆಗಳು ಬರುವುದು ಹೆಚ್ಚಾಗಿ ಇತಿಹಾಸದ ಹೆಸರಿನಲ್ಲಿ. ಬೇರೆ ಬೇರೆ ಧರ್ಮಗಳನ್ನು ಪರಿಚಯಿಸುವುದಕ್ಕೂ ಇದು ಒಳ್ಳೆಯ ಜಾಗ, ಆದರೆ ನಾಲ್ಕು ಮತ್ತು ಐದನೇ ತರಗತಿಯವರಿಗೆ. ಒಂದು, ಎರಡನೇ ತರಗತಿಯ ಮಕ್ಕಳು ಪ್ರಾಣಿಪಕ್ಷಿಗಳ ವಿಭಾಗ ಬಿಟ್ಟು ಕದಲುವುದಿಲ್ಲ.

ಇದರ ದೊಡ್ಡ ಅನುಕೂಲವೆಂದರೆ ಇಲ್ಲಿ ಪೂಜೆಯಿಲ್ಲ, ಪ್ರಸಾದವಿಲ್ಲ. ಯಾವ ಮನೆಯ ಮಗುವಾದರೂ ಅಷ್ಟೇ ದೂರದಲ್ಲಿ ನಿಂತು ನೋಡುತ್ತದೆ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಅನುದಾನಿತ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಬೇಕು. ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಧರ್ಮವನ್ನು ಬೋಧಿಸುವುದು ಬೇರೆ. ಮನೆಗೆ ಕಳಿಸುವ ಚೀಟಿಯಲ್ಲಿ ‘ನೋಡುತ್ತೇವೆ, ಪ್ರಾರ್ಥನೆ ಮಾಡಿಸುವುದಿಲ್ಲ’ ಎಂದು ಒಂದು ಸಾಲು ಬರೆದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಎಲ್ಲ ಗ್ಯಾಲರಿ ತೋರಿಸಲು ಹೋಗಬೇಡಿ. ಐದು ಕಡೆ ನಿಲ್ಲಿ, ಪ್ರತಿ ಕಡೆ ಹನ್ನೆರಡು ನಿಮಿಷ, ಎಂಟು ಮಕ್ಕಳಿಗೆ ಒಬ್ಬರು ದೊಡ್ಡವರು. ಫಲಕಗಳಲ್ಲಿ ಕನ್ನಡ ಇರುವುದಿಲ್ಲ, ಹಾಗಾಗಿ ಕನ್ನಡ ಮಾಧ್ಯಮದವರು ಒಂದು ಪುಟದ ಪ್ರಶ್ನೆಹಾಳೆ ತಾವೇ ಬರೆದು ತರಬೇಕು.

ನಮ್ಮ ಮಕ್ಕಳಿಗೆ ಮೊದಲ ನಿಲುಗಡೆ ಐಹೊಳೆಯ ಬ್ರಹ್ಮನೇ ಆಗಲಿ. ಹುಚ್ಚಪ್ಪಯ್ಯ ಗುಡಿಯ ಚಾವಣಿಯಿಂದ ಬಂದ 7ನೇ ಶತಮಾನದ ಕಲ್ಲು ಇದು. ಚಾವಣಿಯಲ್ಲಿ ಇದ್ದದ್ದು ಈಗ ಕಣ್ಣೆದುರಿಗಿದೆ, ಇದನ್ನು ಮೊದಲೇ ಹೇಳಿ. ಮುಖ ಎಷ್ಟು ಎಂದು ಕೇಳಿದರೆ ಮೂರು ಎನ್ನುತ್ತಾರೆ, ನಾಲ್ಕನೆಯದು ಕಲ್ಲಿನೊಳಗೆ.

ಎರಡನೆಯ ನಿಲುಗಡೆ, ಅತ್ಯುತ್ತಮ ಪಾಠವೂ ಹೌದು, ಶ್ರವಣಬೆಳಗೊಳದಿಂದ ಬಂದ ಕಂಚಿನ ಬಾಹುಬಲಿಯ ಮುಂದೆ. ಅತಿ ಹೆಚ್ಚು ಎಡವುವುದೂ ಅಲ್ಲೇ: ಮೈಮೇಲೆ ಬಟ್ಟೆಯಿಲ್ಲದ್ದು ಕಂಡು ಮಕ್ಕಳು ಕಿಸಕ್ಕೆನ್ನುತ್ತಾರೆ, ಟೀಚರ್ ಗದರುತ್ತಾರೆ, ಪಾಠ ಕೆಡುತ್ತದೆ. ಹಿಂದಿನ ದಿನವೇ ತರಗತಿಯಲ್ಲಿ ಹೇಳಿಬಿಡಬೇಕು: ಗೆದ್ದ ರಾಜ್ಯ ಬಿಟ್ಟ, ಕೊನೆಗೆ ಬಟ್ಟೆಯನ್ನೂ ಬಿಟ್ಟ, ಬಳ್ಳಿ ಹಬ್ಬುವಷ್ಟು ಕಾಲ ನಿಂತ. ಆಮೇಲೆ ಮೂರ್ತಿಯ ಮುಂದೆ ಬಳ್ಳಿ ಎಲ್ಲಿಂದ ಎಲ್ಲಿಯವರೆಗೆ ಏರಿದೆ ಎಂದು ಬೆರಳಲ್ಲಿ ಗಾಳಿಯಲ್ಲೇ ಗುರುತಿಸಲು ಹೇಳಿ. ಬೆಟ್ಟದ ಮೇಲಿನ 57 ಅಡಿಯ ಗೊಮ್ಮಟನಿಗೆ ಗುಂಗುರು ಕೂದಲು, ಇಲ್ಲಿ ಕೂದಲು ಹೆಗಲಿಗಿಳಿದಿದೆ. ಫೋಟೋ ಒಯ್ದರೆ ವ್ಯತ್ಯಾಸವನ್ನು ಅವರೇ ಹುಡುಕುತ್ತಾರೆ. ಯಾರಾದರೂ ‘ಗೊಂಬೆ’ ಎಂದರೆ ‘ಮೂರ್ತಿ’ ಎಂದು ಮೆತ್ತಗೆ ತಿದ್ದಿ, ಅಷ್ಟು ಸಾಕು. ಕೈಮುಗಿಯುವ ಮಗು ಮುಗಿಯಲಿ, ಮುಗಿಯದ್ದನ್ನು ಒತ್ತಾಯಿಸಬೇಡಿ.

ಮೂರನೆಯದು ಸಿಂಧ್‌ನ ಮೀರ್‌ಪುರ್ ಖಾಸ್ ಸ್ತೂಪದ ಸುಟ್ಟಮಣ್ಣಿನ ಬುದ್ಧ. ನಾಲ್ಕನೆಯದಕ್ಕೆ ಇಸ್ಲಾಮಿನ ಅಕ್ಷರಕಲೆ ನೋಡಿ. ಇಲ್ಲಿ ಮೂರ್ತಿ ಯಾಕಿಲ್ಲ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ, ಬರಬೇಕು. ಶಾಲೆಗೆ ಮರಳಿದ ಮೇಲೆ ‘ನೋಡಿದ್ದನ್ನು ಬಿಡಿಸಿ’ ಎನ್ನುವಾಗ ಈ ನಿಲುಗಡೆಗೆ ಅಕ್ಷರ ಅಥವಾ ಬಳ್ಳಿವಿನ್ಯಾಸವನ್ನೇ ಕೊಡಿ. ಪೈಗಂಬರರ ಚಿತ್ರ ಬಿಡಿಸಲು ಯಾರೂ ಹೊರಡಬಾರದು. ಐದನೆಯದು ಮಕ್ಕಳ ಆಯ್ಕೆ. ಕೆಲವು ವಸ್ತುಗಳು ಬೇರೆ ಪ್ರದರ್ಶನಕ್ಕೆ ಹೋಗಿರುವುದುಂಟು, ಮೊದಲೇ ಫೋನ್ ಮಾಡಿ ಕೇಳಿ.

ಕೊರತೆ ಒಂದಿದೆ, ಅದು ಯಾವ ಮ್ಯೂಸಿಯಮ್ಮಿಗೂ ತಪ್ಪದ್ದು: ಗಾಜಿನ ಹಿಂದಿನ ಧರ್ಮ ಸತ್ತ ಕಾಲದ್ದು ಅನ್ನಿಸುತ್ತದೆ. ಅದನ್ನು ತುಂಬಲು ಮುಂದಿನ ವಾರ ಮೂರು ಮಾಲೆ ತನ್ನಿ. ಜಪಮಾಲೆಗೆ 108 ಮಣಿ, ಮುಸ್ಲಿಮರ ತಸ್ಬೀಹ್‌ಗೆ 99 ಅಥವಾ 33, ಕ್ಯಾಥೊಲಿಕ್ ಜಪಸರಕ್ಕೆ 59. ಮಕ್ಕಳೇ ಎಣಿಸಲಿ. 33ನ್ನು ಮೂರು ಸುತ್ತು ಹಾಕಿದರೆ 99 ಎಂದು ಮಗ್ಗಿ ಬಂದ ಹುಡುಗ ಕೂಗುತ್ತಾನೆ. ಪಾರಸಿಗಳು ಕಟ್ಟಿಕೊಳ್ಳುವ ಪವಿತ್ರ ದಾರ ‘ಕುಸ್ತಿ’ಗೆ 72 ಎಳೆ ಉಣ್ಣೆ, ಸೊಂಟಕ್ಕೆ ಮೂರು ಸುತ್ತು. ಬೆನೆ ಇಸ್ರೇಲ್ ಯಹೂದಿಗಳ ಮಲೀದಾ ಎಂಬ ನೈವೇದ್ಯಕ್ಕೆ ಅವಲಕ್ಕಿ, ಕಾಯಿತುರಿ, ಸಕ್ಕರೆ, ಹಣ್ಣು. ‘ಇದು ನಮ್ಮನೆ ಸಿಹಿ ಅವಲಕ್ಕಿ!’ ಎಂಬ ಉದ್ಗಾರ ಖಂಡಿತ. ಅದಕ್ಕೆ ‘ಹೌದು, ಎಲ್ಲಾ ಒಂದೇ’ ಎಂದು ಸಾರಿಸಿಬಿಡಬೇಡಿ. ಅವರು ಅದನ್ನು ಪ್ರವಾದಿ ಎಲಿಯಾನನ್ನು ನೆನೆದು ಮಾಡುತ್ತಾರೆ, ನಾವು ಹಾಗಲ್ಲ. ಆ ವ್ಯತ್ಯಾಸವೇ ಪಾಠ. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು: ತರಗತಿಯ ಒಬ್ಬಳೇ ಮುಸ್ಲಿಂ ಹುಡುಗಿಯನ್ನು ಎಬ್ಬಿಸಿ ‘ನಿಮ್ಮಲ್ಲಿ ಹೇಗೆ, ಹೇಳಮ್ಮ’ ಎನ್ನುವುದು. ಹತ್ತು ವರ್ಷದ ಮಗು ಒಂದು ಧರ್ಮದ ವಕೀಲಳಲ್ಲ. ತಾನಾಗಿ ಹೇಳಿದರೆ ಕೇಳೋಣ.

ಹೊತ್ತಿದ್ದರೆ ಹತ್ತಿರದಲ್ಲೇ ಯಹೂದಿಗಳ ಪ್ರಾರ್ಥನಾ ಮಂದಿರ ಕೆನೆಸೆತ್ ಎಲಿಯಾಹೂ ಸಿನಗಾಗ್ ಇದೆ, 1884ರದ್ದು. ಶನಿವಾರ ಅವರ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಅಂದು ಬೇಡ. ತಪಾಸಣೆ ಬಿಗಿ, ಅನುಮತಿ ಮುಂಚೆ ಪಡೆಯಿರಿ. ಹುಡುಗರ ತಲೆಗೆ ಕರವಸ್ತ್ರ ಇರಲಿ. ಅಲ್ಲಿಂದ ನಡೆದರೆ 1718ರ ಸೇಂಟ್ ಥಾಮಸ್ ಕಥೀಡ್ರಲ್. ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ಮರಳುವಾಗ ಫೋರ್ಟಿನ ಅಗಿಯಾರಿಯೊಂದರ (ಪಾರಸಿಗಳ ಅಗ್ನಿಮಂದಿರ) ಎದುರಿನ ಪಾದಚಾರಿ ದಾರಿಯಲ್ಲಿ ಎರಡು ನಿಮಿಷ ನಿಲ್ಲಿಸಿ. ಪಾರಸಿಗಳಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ‘ನಮ್ಮನ್ನು ಯಾಕೆ ಬಿಡಲ್ಲ, ಸರ್?’ ಎಂಬ ಪ್ರಶ್ನೆಗೆ, ಒಳಗೆ ಬೆಂಕಿ ಆರದಂತೆ ಕಾಯುತ್ತಾರೆ, ಅದು ಅವರ ನಿಯಮ ಎಂದಷ್ಟೇ ಹೇಳಿ, ಮಕ್ಕಳನ್ನು ಎಣಿಸಿಕೊಂಡು ಲೋಕಲ್ ಹತ್ತಿಸಿ. ಸಂಜೆ ನಾಲ್ಕರ ಒಳಗಾದರೆ ಸೀಟು ಸಿಗುತ್ತದೆ.